ಹೊಲದ ತಗ್ಗು, ಲಕೋಟೆಯ ಚೀಟಿ: ಒಂದು ಒಪ್ಪಿಗೆ ಪತ್ರ ಬರೆದ ಅನುಭವ

ವೈದ್ಯಕೀಯ ಅಧ್ಯಯನಕ್ಕೆ ಸೇರುವವರಿಗೆ ಓದಿ ಹೇಳಿ ಒಪ್ಪಿಗೆಯ ಸಹಿ ಪಡೆಯುವ ನಮ್ಮ ಮಾಹಿತಿ ಪತ್ರದ ಮೊದಲ ಕನ್ನಡ ಕರಡಿನಲ್ಲಿ ‘ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು’ ಎಂಬ ವಾಕ್ಯವಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ಒಬ್ಬರು, ಮೂಲವನ್ನು ನೋಡದೆ ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿದವರು ಇನ್ನೊಬ್ಬರು. ಎರಡು ಇಂಗ್ಲಿಷ್ ಪ್ರತಿಗಳೂ ಚೆನ್ನಾಗಿ ತಾಳೆಯಾದವು, ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕ ಸಮಿತಿ ಕೇಳುವ ಅನುವಾದದ ಪ್ರಮಾಣಪತ್ರವೂ ಸಿದ್ಧವಾಯಿತು. ಆ ಪತ್ರವನ್ನು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದಾಗ, ಮೊಣಕಾಲು ನೋವಿನ ಹಿರಿಯ ಹೆಣ್ಣುಮಗಳೊಬ್ಬರು ಕೊನೆಯವರೆಗೂ ತಲೆಯಾಡಿಸುತ್ತ ಕೇಳಿ, “ಛಲೋ ಓದಿದಿ ಯವ್ವಾ, ಈಗ ಏನಂತ ಹೇಳು” ಎಂದರು.

ನಾನು ಧಾರವಾಡದಲ್ಲಿ ಫಿಸಿಯೋಥೆರಪಿಸ್ಟ್. ಮೊಣಕಾಲು ಸವೆತಕ್ಕೆ ಮನೆಯಲ್ಲೇ ಮಾಡುವ ವ್ಯಾಯಾಮದ ಕುರಿತು ನಡೆದ ವಿಶ್ವವಿದ್ಯಾಲಯದ ಕ್ಲಿನಿಕಲ್ ಟ್ರಯಲ್ ಒಂದರಲ್ಲಿ ಸಂಯೋಜಕಿಯಾಗಿದ್ದೆ. ತೊಡೆಯ ಸ್ನಾಯು ಗಟ್ಟಿಯಾದರೆ ನೋವು ತಗ್ಗುತ್ತದೆ ಎಂಬುದು ಹೊಸ ಸಂಗತಿಯಲ್ಲ. ಜನ ಹದಿನೈದು ದಿನ ಮಾಡಿ ಬಿಟ್ಟುಬಿಡುತ್ತಾರೆ ಎಂಬುದೇ ತೊಡಕು. ಆದ್ದರಿಂದ ಎಲ್ಲರಿಗೂ ಒಂದೇ ವ್ಯಾಯಾಮವನ್ನು ಕಲಿಸಿ, ಅರ್ಧದಷ್ಟು ಜನರಿಗೆ ಮಾತ್ರ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿದರೆ ಹೆಚ್ಚಿನ ಪ್ರಯೋಜನ ಆಗುತ್ತದೆಯೇ ಎಂದು ನೋಡುವುದು ನಮ್ಮ ಉದ್ದೇಶವಾಗಿತ್ತು. ಪತ್ರವನ್ನು ಅರ್ಥವಾಗುವ ಕನ್ನಡಕ್ಕೆ ತರುವ ಕೆಲಸ, ಕಟ್ಟೆಯ ಮೇಲಿನ ಆ ಮಾತಿನ ನಂತರ, ನನ್ನ ಪಾಲಿಗೆ ಬಂತು.

ಮೊದಲು ಹೋಗಬೇಕಾದದ್ದು ‘ಪ್ರಯೋಗ’ ಎಂಬ ಶಬ್ದ. ನಮ್ಮ ಕಡೆ ಮಾಟ ಮಾಡಿಸಿದ್ದಕ್ಕೂ ಪ್ರಯೋಗ ಎನ್ನುತ್ತಾರೆ. “ನಮ್ಮ ಮ್ಯಾಲೆ ಪ್ರಯೋಗ ಮಾಡಾಕ ಬಂದೀರೇನ್ರಿ” ಎಂದು ಕೇಳಿದವರ ದನಿಯಲ್ಲಿ ತಮಾಷೆ ಅರ್ಧ, ಅಂಜಿಕೆ ಅರ್ಧ ಇತ್ತು. ‘ಅಧ್ಯಯನ’ ಎಂದು ಬದಲಿಸಿದರೆ ಅಂಜಿಕೆ ಹೋಗುತ್ತದೆ, ಆದರೆ ಪರೀಕ್ಷೆಗೆ ಒಳಗಾಗುತ್ತಿರುವುದು ತಾವೇ ಎಂಬ ತಿಳಿವಳಿಕೆಯೂ ಅದರೊಡನೆ ಹೋಗುತ್ತದೆ. ಹೀಗಾಗಿ ‘ಅಧ್ಯಯನ’ ಎಂದು ಬರೆದು, ಅದರ ಮುಂದಿನ ವಾಕ್ಯದಲ್ಲೇ ‘ಫೋನ್ ಮಾಡುವುದರಿಂದ ಹೆಚ್ಚಿನ ಉಪಯೋಗ ಇದೆಯೋ ಇಲ್ಲವೋ ನಮಗೂ ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ನಿಮ್ಮ ಸಹಾಯ ಬೇಕು’ ಎಂದು ಸೇರಿಸಿದೆ. ಡಾಕ್ಟರಿಗೇ ಗೊತ್ತಿಲ್ಲ ಎಂದು ಬರೆದರೆ ಜನರ ವಿಶ್ವಾಸ ಹೋಗುತ್ತದೆ ಎಂದು ತಂಡದ ಹಿರಿಯರೊಬ್ಬರು ಆಕ್ಷೇಪಿಸಿದರು. ಗೊತ್ತಿದ್ದರೆ ಟ್ರಯಲ್ ನಡೆಸುವುದೇ ತಪ್ಪಾಗುತ್ತದೆಯಲ್ಲ ಎಂಬ ನನ್ನ ವಾದಕ್ಕೆ ಅವರು ಒಪ್ಪಿಕೊಳ್ಳಲು ಎರಡು ಸಭೆಗಳು ಬೇಕಾದವು.

ಯಾರು ಯಾವ ಗುಂಪಿಗೆ ಎಂಬುದನ್ನು ಯಾರೂ ಆರಿಸದೆ ಅದೃಷ್ಟಕ್ಕೆ ಬಿಡುವುದೇ ‘ಯಾದೃಚ್ಛಿಕ’ ಹಂಚಿಕೆ. ಆ ಶಬ್ದದ ಜಾಗಕ್ಕೆ ‘ಚೀಟಿ ಎತ್ತಿ ನಿರ್ಧರಿಸುತ್ತೇವೆ’ ಎಂದು ಬರೆದೆ, ಅದೂ ಕೆಟ್ಟಿತು. ಕೆಲವರಿಗೆ ಚೀಟಿ ಎಂದರೆ ಡಾಕ್ಟರು ಔಷಧ ಬರೆದುಕೊಡುವ ಚೀಟಿ. ಇನ್ನು ಕೆಲವರು ಗುಡಿಯಲ್ಲಿ ದೇವರ ಮುಂದೆ ಚೀಟಿ ಹಾಕುವುದನ್ನು ನೆನೆದು, ತಮ್ಮ ಹೆಸರಿಗೆ ಬಂದ ಗುಂಪೇ ತಮಗೆ ಒಗ್ಗುವ ಗುಂಪು ಎಂದು ತಿಳಿದರು. ಈ ಎರಡನೆಯ ತಪ್ಪು ಹೆಚ್ಚು ಅಪಾಯದ್ದು, ಏಕೆಂದರೆ ಯಾರ ಹಿತವನ್ನೂ ನೋಡದೆ ಮಾಡುವ ಹಂಚಿಕೆಯಲ್ಲಿ ಅವರು ತಮ್ಮ ಹಿತವನ್ನು ಕಾಣುತ್ತಿದ್ದರು.

ದಾರಿ ತೋರಿಸಿದ್ದು ಒಬ್ಬ ರೈತರ ಮಾತು. ಹೆಂಡತಿಯ ಜೊತೆ ಬಂದಿದ್ದ ಅವರು ಕೃಷಿ ವಿಶ್ವವಿದ್ಯಾಲಯದವರು ಎರಡು ತಳಿಗಳನ್ನು ಪಕ್ಕಪಕ್ಕದಲ್ಲಿ ಬಿತ್ತಿ ತೋರಿಸುವುದನ್ನು ಕಂಡವರು. “ಹೊಲದಾಗ ತಗ್ಗಿನ ಕಡೆ ಹಸಿ ನಿಲ್ತದ. ನೀವು ಮೆಚ್ಚಿದ ಬೀಜಾನ ಅಲ್ಲೇ ಹಾಕಿದ್ರ ಅದs ಗೆಲ್ತದ, ಮತ್ತ ಗೆದ್ದದ್ದು ಬೀಜಲ್ಲ, ತಗ್ಗು” ಎಂದರು. ಆಯ್ಕೆಯನ್ನು ನಮ್ಮ ಕೈಗೆ ಬಿಡದ ಈ ವಿದ್ಯೆ ಹೊಲದಿಂದಲೇ ಆಸ್ಪತ್ರೆಗೆ ಬಂದದ್ದು ಎಂದು ಅವರಿಗೆ ಹೇಳಿದೆ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಹೊಲದ ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಅದೃಷ್ಟಕ್ಕೆ ಬಿಡಬೇಕೆಂದು ವಾದಿಸಿದರು. ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಕೊಟ್ಟು ನೋಡಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ ಅದನ್ನೇ ಮುಚ್ಚಿದ ಲಕೋಟೆಗಳ ಮೂಲಕ ಮಾಡಿಸಿದರು. ಹೋಲಿಕೆಯ ಗುಂಪಿನಲ್ಲಿದ್ದ ರೋಗಿಗಳಿಗೆ ತಾವು ಅಂಥದೊಂದು ಅಧ್ಯಯನದಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಇಂದು ಅದು ನಡೆಯದು, ನಡೆಯಲೂಬಾರದು. ಪತ್ರದಲ್ಲಿ ಕೊನೆಗೆ ಉಳಿದದ್ದು ಹೊಲದ ಹೋಲಿಕೆ ಮತ್ತು ಈ ಮಾತು: ‘ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಲಕೋಟೆಯನ್ನು ಒಡೆದಾಗಲೇ ನಿಮ್ಮ ಗುಂಪು ನಮಗೂ ನಿಮಗೂ ತಿಳಿಯುತ್ತದೆ. ಅದು ನಿಮ್ಮ ಕಾಲನ್ನು ನೋಡಿ ಆರಿಸಿದ ಗುಂಪಲ್ಲ.’ ಆ ಮೇಲೆ ‘ತಿಳಿಯಿತೇ’ ಎಂದು ಕೇಳುವುದನ್ನು ಬಿಟ್ಟು, ‘ಮನೆಗೆ ಹೋಗಿ ಸೊಸೆಗೆ ಏನೆಂದು ಹೇಳುತ್ತೀರಿ’ ಎಂದು ಕೇಳತೊಡಗಿದೆ. ಅವರು ತಮ್ಮ ಮಾತಿನಲ್ಲಿ ಹೇಳಿದ ಮೇಲೆಯೇ ಸಹಿ.

ಸಹಿ ಎಂದಾಗ ಬೇರೆ ಗೋಡೆ ಎದುರಾಯಿತು. ಓದಲು ಬಾರದವರಾದರೆ ಪತ್ರವನ್ನು ಓದಿ ಹೇಳುವಾಗ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಇರಬೇಕು, ಅವರ ಎದುರಿಗೆ ಹೆಬ್ಬೆಟ್ಟು ಒತ್ತಿಸಿ ಅವರ ಸಹಿಯನ್ನೂ ಪಡೆಯಬೇಕು. ಹೆಬ್ಬೆಟ್ಟು ಎಂದರೆ ಸಾಲದ ಕಾಗದ ಮತ್ತು ಹೊಲದ ಕಾಗದವನ್ನಷ್ಟೇ ಕಂಡ ಮನೆಗಳಲ್ಲಿ ಇದು ಸುಲಭವಲ್ಲ. ಶಾಯಿಯ ಪ್ಯಾಡ್ ತೆಗೆದದ್ದೇ ಎದ್ದು ಹೋದವರಿದ್ದಾರೆ, ಅವರನ್ನು ಮತ್ತೆ ಕರೆಯಲಿಲ್ಲ. ಪತ್ರದ ಒಂದು ಪ್ರತಿ ಅವರ ಬಳಿಯೇ ಉಳಿಯುತ್ತದೆ, ನಡುವೆ ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಎರಡು ಸಾಲುಗಳನ್ನು ಆ ಬಳಿಕ ಪತ್ರದ ಕೊನೆಯಿಂದ ಮೊದಲ ಪುಟಕ್ಕೆ ತಂದೆ.

ಅಳತೆಯ ವಿಷಯದಲ್ಲಿ ನಾನು ಕಲಿತದ್ದೇ ಹೆಚ್ಚು. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ ಸುಮ್ಮನೆ ನಗುತ್ತಿದ್ದ ಅಜ್ಜಿಯೊಬ್ಬರು, “ಹೋದ ತಿಂಗಳಿಗಿಂತ ಬಾರಾಣೆ ಆರಾಮ ಐತಿ” ಎಂದು ತಡವರಿಸದೆ ಹೇಳಿದರು. ಬೆಳೆಯನ್ನು ಎಂಟಾಣೆ, ಹನ್ನೆರಡಾಣೆ ಎಂದು ಅಂದಾಜು ಮಾಡಿ ಬೆಳೆದವರಿಗೆ ಹದಿನಾರರ ಲೆಕ್ಕವೇ ಸಹಜ. ಆದರೆ ಪರೀಕ್ಷಿಸಿ ಒಪ್ಪಿದ ಅಳತೆಪಟ್ಟಿಯನ್ನು ನಮಗೆ ತೋಚಿದಂತೆ ಬದಲಿಸುವಂತಿಲ್ಲ. ಆಣೆಯನ್ನು ಷರಾ ಅಂಕಣದಲ್ಲಿ ಬರೆದುಕೊಂಡು, ಅಂಕಿಯನ್ನು ಪಟ್ಟಿಯ ಗೆರೆಯ ಮೇಲೆ ಬೆರಳಿಡಿಸಿ ಪಡೆದೆವು. ನಂಬಿಕೆ ಹೆಚ್ಚಿದ್ದದ್ದು 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ ಎಂಬ ಎಣಿಕೆಯ ಮೇಲೆ. ಅದಕ್ಕೂ ಒಂದೇ ಎತ್ತರದ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿ ನೆಲದ ಮೇಲೆ ಜಾರಿದ್ದನ್ನು ಒಮ್ಮೆ ಕಂಡ ಮೇಲೆ ಕಟ್ಟಿಗೆಯ ಕುರ್ಚಿಯನ್ನು ಟಂಟಂನಲ್ಲಿ ಹೇರಿಕೊಂಡು ಹೋಗಿ, ಗೋಡೆಗೆ ಒತ್ತಿ ಇಡುತ್ತಿದ್ದೆವು.

ನಮ್ಮ ತಪ್ಪುಗಳೂ ಇದ್ದವು. ವ್ಯಾಯಾಮ ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದಿದ್ದೆವು. ಒಂದು ಮನೆಯಲ್ಲಿ ಮೂವತ್ತು ದಿನಗಳ ಗುರುತೂ ಒಂದೇ ಪೆನ್ನಿನಿಂದ, ಒಂದೇ ಓರೆಯಲ್ಲಿ ಬಿದ್ದಿದ್ದವು. ನಾವು ಬರುತ್ತೇವೆಂದು ಮೊಮ್ಮಗಳು ಬೆಳಿಗ್ಗೆ ಕುಳಿತು ಹಾಕಿದ್ದಳು. ಒಂದೇ ಮನೆಯ ನೆಗೆಣ್ಣಿಯರಿಬ್ಬರು ಬೇರೆ ಬೇರೆ ಗುಂಪಿಗೆ ಬಿದ್ದು, ಒಬ್ಬರ ಫೋನ್ ಸ್ಪೀಕರಿನಲ್ಲಿ ಇಬ್ಬರೂ ನನ್ನ ಮಾತು ಕೇಳುತ್ತಿದ್ದರು ಎಂಬುದು ನಮಗೆ ತಡವಾಗಿ ತಿಳಿಯಿತು. ವ್ಯಕ್ತಿಗಳ ಬದಲು ಹಳ್ಳಿಗಳನ್ನೇ ಗುಂಪುಗಳಾಗಿ ಹಂಚಿದ್ದರೆ ಇದು ತಪ್ಪುತ್ತಿತ್ತು. ಗುಂಪು ಯಾವುದೆಂದು ತಿಳಿಯದೆ ಅಳೆಯಬೇಕಾಗಿದ್ದ ಸಹೋದ್ಯೋಗಿಗೆ, “ಮೇಡಂ ವಾರಾ ವಾರಾ ಫೋನ್ ಮಾಡಿ ಭಾಳ ಕಾಳಜಿ ಮಾಡ್ತಾರ್ರಿ” ಎಂದು ಪ್ರೀತಿಯಿಂದ ಹೇಳಿಬಿಟ್ಟವರೂ ಇದ್ದರು.

ಫಲಿತಾಂಶದಲ್ಲಿ ಎರಡೂ ಗುಂಪುಗಳ ನಡುವೆ ನಾವು ನಿರೀಕ್ಷಿಸಿದ ಅಂತರ ಕಾಣಲಿಲ್ಲ; ಅಂತರವೇ ಇಲ್ಲ ಎಂದು ಸಾರುವಷ್ಟು ಜನರೂ ನಮ್ಮ ಅಧ್ಯಯನದಲ್ಲಿ ಇರಲಿಲ್ಲ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯು 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು ಎನ್ನುತ್ತದೆ. ಯಾವ ಅಳತೆಯಿಂದ ತೀರ್ಮಾನಿಸುತ್ತೇವೆ ಎಂಬುದು ಅಲ್ಲಿ ಮೊದಲೇ ದಾಖಲಾಗಿದ್ದರಿಂದ, ಚೆನ್ನಾಗಿ ಕಾಣುವ ಬೇರೊಂದು ಅಂಕಿಯನ್ನು ಮುಂದೆ ಮಾಡುವ ದಾರಿ ನಮಗಿರಲಿಲ್ಲ. ತಂಡದಲ್ಲಿ ಬೇಸರವಾದಾಗ ನಾನು ಅಟೆಂಡ್ ಅಧ್ಯಯನವನ್ನು ನೆನಪಿಸಿದೆ. ಪಾರ್ಶ್ವವಾಯು ಬಡಿದವರಿಗೆ ಮನೆಯವರೇ ಪುನಶ್ಚೇತನ ಕೊಡುವುದನ್ನು ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ನೋಡಿ, ಆರು ತಿಂಗಳ ಬಳಿಕ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಅದನ್ನು ಪಡೆದವರು, ಪಡೆಯದವರು ಎರಡೂ ಗುಂಪುಗಳಲ್ಲಿ ಶೇ 47 ಎಂದು 2017ರಲ್ಲಿ ಆ ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದರು.

ಒಂದು ಪುಟದ ಫಲಿತಾಂಶ ಪತ್ರವನ್ನು ಬರೆದುಕೊಂಡು ಅದೇ ಅಂಗನವಾಡಿ ಕಟ್ಟೆಗೆ ಹೋಗಿ ಓದಿದೆ. ಈ ಸಲ ಯಾರೂ ಅರ್ಥ ಕೇಳಲಿಲ್ಲ. ಮೊದಲ ದಿನ ಪ್ರಶ್ನೆ ಕೇಳಿದ್ದ ಅದೇ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇನ್ನ ಫೋನ್ ಮಾಡೂದಿಲ್ಲೇನವ್ವಾ?” ಎಂದರು. ಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ಹಳ್ಳಿಗೆ ಹೋಗುವ ಮುನ್ನ ಕೈಬರಹದಲ್ಲೇ ಸೇರಿಸಿದೆ: ‘ಅಧ್ಯಯನ ಮುಗಿದಿರುವುದರಿಂದ ವಾರದ ಫೋನ್ ನಿಲ್ಲುತ್ತದೆ. ನೋವು ಹೆಚ್ಚಾದರೆ ಫಿಸಿಯೋಥೆರಪಿ ವಿಭಾಗಕ್ಕೆ ಬನ್ನಿ, ಈ ಪತ್ರವನ್ನು ತೋರಿಸಬೇಕಾಗಿಲ್ಲ.’