ಯಾರು ಏನಂದರು, ಅದು ಯಾರ ಕೈಲಿದೆ?

2024ರಲ್ಲಿ ಪೆನ್ಸಿಲ್ವೇನಿಯದಲ್ಲಿದ್ದವರಿಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯ ಗದ್ದಲ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳ ಲೆಕ್ಕಕ್ಕೆ ಬರುವ ಎಲೆಕ್ಟೋರಲ್ ಮತಗಳಲ್ಲಿ ನಮ್ಮ ರಾಜ್ಯದ 19ಕ್ಕಾಗಿ ಎರಡೂ ಪಕ್ಷದವರು ಜಿದ್ದಿಗೆ ಬಿದ್ದಿದ್ದರು. ಟಿವಿ ಹಾಕಿದರೆ ಜಾಹೀರಾತು, ಅಂಚೆ ಡಬ್ಬಿ ತೆಗೆದರೆ ಬಣ್ಣದ ಕಾರ್ಡು, ಫೋನಿನ ತುಂಬ ಮೆಸೇಜು. ಅವನ್ನೇ ನಂಬಿಕೊಂಡು ಮತ ಹಾಕಲು ನನಗೆ ಮನಸ್ಸಿರಲಿಲ್ಲ. ಟ್ರಂಪ್ ಮತ್ತು ಹ್ಯಾರಿಸ್ ಇಬ್ಬರ ನಿಲುವುಗಳನ್ನೂ ಪಕ್ಕಪಕ್ಕ ಇಟ್ಟು ನಾನೇ ಓದಿ ನೋಡಿದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಯಾರಿಗೆ ಮತ ಹಾಕಿದೆ ಅನ್ನೋದು ಬೇರೆ ವಿಷಯ.

ಮೊದಲು ಪಕ್ಷಗಳ ಪ್ರಣಾಳಿಕೆ ಹಿಡಿದೆ. ರಿಪಬ್ಲಿಕನ್ನರದು 16 ಪುಟ, 20 ಭರವಸೆ. ಡೆಮಾಕ್ರಟರದು 90 ಪುಟದ ಹತ್ತಿರ. ಆಗಿನ ಅಧ್ಯಕ್ಷ ಬೈಡನ್ ಕಣದಿಂದ ಸರಿಯುವ ಮೊದಲೇ ಅದನ್ನು ಬರೆದಿದ್ದರಿಂದ, ಅವರ ಎರಡನೇ ಅವಧಿಯ ಮಾತೇ ಅದರಲ್ಲಿ ಉಳಿದುಕೊಂಡಿತ್ತು! ಹಾಗಾಗಿ ಅಭ್ಯರ್ಥಿಗಳ ಸ್ವಂತ ಮಾತಿಗೇ ಹೋದೆ. ಅವರ ವೆಬ್‌ಸೈಟು, ಭಾಷಣ, ಸಂದರ್ಶನ, 'ಅಜೆಂಡಾ 47' ಅಂತ ಟ್ರಂಪ್ ಹಾಕಿದ್ದ ವಿಡಿಯೊಗಳು.

ಒಂದು ಎಕ್ಸೆಲ್ ಶೀಟ್ ಮಾಡಿಕೊಂಡೆ. ನಮ್ಮ ಮನೆಗೆ, ನಮ್ಮ ಜನಕ್ಕೆ ನೇರವಾಗಿ ತಟ್ಟುವ ವಿಷಯಗಳಿಗೆ ಒಂದೊಂದು ಸಾಲು: ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಆಗಿ ಇರಲು ಅನುಮತಿ), ತೆರಿಗೆ, ಆಮದು ಸುಂಕ, ಔಷಧದ ಖರ್ಚು, ಈ ರಾಜ್ಯದಲ್ಲಿ ಬಿಟ್ಟೇನೆಂದರೂ ಬಿಡದ ಫ್ರ್ಯಾಕಿಂಗ್ (ನೆಲದಾಳದ ಬಂಡೆ ಸೀಳಿ ಅನಿಲ, ತೈಲ ತೆಗೆಯೋದು). ಕಾಲಂಗಳು ಐದು. ಏನಂದರು? ಯಾವಾಗ, ಎಲ್ಲಿ ಅಂದರು? ಹಿಂದೆ ಏನು ಮಾಡಿದ್ದರು? ಮಾಡೋದು ಯಾರ ಕೈಲಿದೆ? ಖರ್ಚೆಷ್ಟು? ಈ ಐದರಲ್ಲಿ ನಾಲ್ಕನೆಯದೇ ಮುಖ್ಯ ಅಂತ ಈಗಲೂ ಹೇಳುತ್ತೇನೆ.

ಗ್ರೀನ್ ಕಾರ್ಡ್ ಸಾಲನ್ನೇ ನೋಡಿ. 2024ರ ಜೂನ್‌ನಲ್ಲಿ ಒಂದು ಪಾಡ್‌ಕಾಸ್ಟಿನಲ್ಲಿ ಟ್ರಂಪ್, ಇಲ್ಲಿ ಕಾಲೇಜು ಮುಗಿಸಿದವರಿಗೆ ಡಿಪ್ಲೊಮಾ ಜೊತೆಗೇ ಗ್ರೀನ್ ಕಾರ್ಡ್ ಸಿಗಬೇಕು ಅಂದರು. ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ತುಣುಕು ಓಡಾಡಿದ್ದೇ ಓಡಾಡಿದ್ದು. ಆಮೇಲೆ ಅವರ ಪ್ರಚಾರ ತಂಡ, ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ ಬಹಳ ಕುಶಲರಾದವರಿಗೆ ಮಾತ್ರ ಅಂತ ಹೇಳಿತು. ಎರಡನ್ನೂ ಬರೆದುಕೊಂಡೆ. ಮೂರನೇ ಕಾಲಂನಲ್ಲಿ ಅವರ 2017ರ ಏಪ್ರಿಲ್ ಆದೇಶ ಬಂತು, 'ಅಮೆರಿಕದ್ದನ್ನೇ ಕೊಳ್ಳಿ, ಅಮೆರಿಕನ್ನರಿಗೇ ಕೆಲಸ ಕೊಡಿ' ಅನ್ನುವುದು. ಅದಾದ ಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಅರ್ಜಿಗಳು ತಿರಸ್ಕಾರವಾಗೋದು ಜಾಸ್ತಿಯಾಗಿತ್ತು.

ಹ್ಯಾರಿಸ್ ಕಡೆ ಇದಕ್ಕೆ ತದ್ವಿರುದ್ಧ. ನಾನು ಕೇಳಿದ ಭಾಷಣಗಳಲ್ಲಿ ಈ ಮಾತೇ ಇರಲಿಲ್ಲ, ಹಿಂದಿನ ಕೆಲಸ ಮಾತ್ರ ಇತ್ತು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶದವರಿಗೆ ಶೇ 7 ಅನ್ನುವ ಮಿತಿ ಇದೆಯಲ್ಲ, ನಮ್ಮವರು ದಶಕಗಟ್ಟಲೆ ಸರದಿಯಲ್ಲಿ ನಿಂತಿರೋದು ಅದರಿಂದಲೇ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಿಂದ ಆ ಮಿತಿ ತೆಗೆಯುವ ಮಸೂದೆಯನ್ನು 2019ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಮೇಲ್ಮನೆ ಸೆನೆಟ್‌ನಲ್ಲಿ ಮಂಡಿಸಿದವರು ರಿಪಬ್ಲಿಕನ್ ಪಕ್ಷದ ಮೈಕ್ ಲೀ, ಜೊತೆಗಿದ್ದವರು ಕಮಲಾ ಹ್ಯಾರಿಸ್. ಆ ವರ್ಷ ಕೆಳಮನೆಯಲ್ಲಿ ಅದೇ ಹೆಸರಿನ ಮಸೂದೆ 365ಕ್ಕೆ 65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಒಪ್ಪಿತು, ಆದರೆ ತಿದ್ದುಪಡಿ ಮಾಡಿ. ಎರಡೂ ಒಂದಾಗಲಿಲ್ಲ, ಮಸೂದೆ ಅಲ್ಲಿಗೇ ಬಿದ್ದುಹೋಯಿತು. ಇದನ್ನೆಲ್ಲ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಉದ್ಯೋಗದ ಗ್ರೀನ್ ಕಾರ್ಡು ವರ್ಷಕ್ಕೆ 1,40,000 ಅನ್ನುವ ಸಂಖ್ಯೆಯಾಗಲಿ, ಶೇ 7 ಆಗಲಿ, ಎರಡೂ ಕಾಯ್ದೆಯಲ್ಲಿರುವಂಥವು. ಶ್ವೇತಭವನದಲ್ಲಿ ಯಾರೇ ಕೂತರೂ ಒಂದು ಸಹಿಯಿಂದ ಬದಲಾಗಲ್ಲ. ಹಾಗಾಗಿ ನಾಲ್ಕನೇ ಕಾಲಂನಲ್ಲಿ ಇಬ್ಬರಿಗೂ 'ಕಾಂಗ್ರೆಸ್' ಅಂತಲೇ ಬರೆದೆ. ಮತ ಹಾಕುವಾಗ ಈ ಸಾಲಿಗೆ ತೂಕ ಕಡಿಮೆ ಮಾಡಿದೆ.

ಸುಂಕದ್ದು ಹಾಗಲ್ಲ. ಎಲ್ಲ ಆಮದಿಗೂ 10, ಒಮ್ಮೊಮ್ಮೆ 20 ಪರ್ಸೆಂಟ್, ಚೀನಾ ಸಾಮಾನಿಗೆ 60 ಅಂತ ಟ್ರಂಪ್ ಹೇಳುತ್ತಿದ್ದರು. ಇದು ಮಾರಾಟ ತೆರಿಗೆ ಇದ್ದ ಹಾಗೆ ಅಂತ ಹ್ಯಾರಿಸ್ ಟೀಕೆ. ಆದರೆ ಮೂರನೇ ಕಾಲಂ ತುಂಬುವಾಗ ಇನ್ನೊಂದು ಸಂಗತಿ ಸಿಕ್ಕಿತು. ಟ್ರಂಪ್ ಮೊದಲ ಅವಧಿಯಲ್ಲಿ ಚೀನಾ ಮೇಲೆ ಹಾಕಿದ್ದ ಸುಂಕವನ್ನು ಬೈಡನ್-ಹ್ಯಾರಿಸ್ ಸರ್ಕಾರ ಬಹುಪಾಲು ಹಾಗೇ ಉಳಿಸಿಕೊಂಡಿತ್ತು. 2024ರ ಮೇನಲ್ಲಿ ಚೀನಾದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 100ಕ್ಕೆ ಏರಿಸುವುದಾಗಿ ಘೋಷಿಸಿತ್ತು ಕೂಡ. ಇಬ್ಬರ ನಡುವಿನ ಅಂತರ ಭಾಷಣದಲ್ಲಿ ಕಂಡಷ್ಟು ಇರಲಿಲ್ಲ ಅಲ್ವಾ? ಹಾಗಂತ ಎಲ್ಲ ದೇಶ, ಎಲ್ಲ ಸಾಮಾನು ಅನ್ನೋದು ಸಣ್ಣ ಮಾತಲ್ಲ. ಅದೂ ಅಲ್ಲದೆ 1962 ಮತ್ತು 1974ರ ಕಾಯ್ದೆಗಳು ಸುಂಕ ಹಾಕಲು ಅಧ್ಯಕ್ಷರಿಗೆ ದೊಡ್ಡ ಅಧಿಕಾರವನ್ನೇ ಕೊಟ್ಟಿವೆ. ಈ ಸಾಲಿಗೆ ಜಾಸ್ತಿ ತೂಕ ಕೊಟ್ಟೆ.

ಟಿಪ್ಸ್ ಮೇಲೆ ತೆರಿಗೆ ಬೇಡ ಅನ್ನುವುದನ್ನು ಇಬ್ಬರೂ ಹೇಳಿದರು, ಇಬ್ಬರೂ ಲಾಸ್ ವೇಗಸ್‌ನಲ್ಲೇ ಹೇಳಿದರು. ಟ್ರಂಪ್ ಜೂನ್‌ನಲ್ಲಿ, ಹ್ಯಾರಿಸ್ ಆಗಸ್ಟ್‌ನಲ್ಲಿ. ಫ್ರ್ಯಾಕಿಂಗ್ ವಿಷಯಕ್ಕೆ ಬಂದರೆ ಹ್ಯಾರಿಸ್ 2019ರಲ್ಲಿ ನಿಷೇಧ ಬೇಕು ಅಂದಿದ್ದರು, 2024ರಲ್ಲಿ ನಿಷೇಧ ಮಾಡಲ್ಲ ಅಂದರು. ಖಾಸಗಿ ಜಮೀನಿನಲ್ಲಿ ಅದನ್ನು ನಿಷೇಧಿಸಬೇಕಾದರೂ ಕಾಂಗ್ರೆಸ್ಸೇ ಬೇಕು. ಔಷಧದ ಸಾಲಿನಲ್ಲಿ ಮೆಡಿಕೇರ್‌ನವರಿಗೆ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಅನ್ನುವ 2022ರ ಕಾಯ್ದೆ ಹ್ಯಾರಿಸ್ ಕಡೆ ಇತ್ತು. ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಚರ್ಚೆಯಲ್ಲಿ ಆರೋಗ್ಯ ವಿಮೆಗೆ ನಿಮ್ಮ ಯೋಜನೆ ಏನು ಅಂತ ಕೇಳಿದಾಗ, ಯೋಜನೆಯ ಕಲ್ಪನೆಗಳಿವೆ ಅಂತ ಟ್ರಂಪ್ ಉತ್ತರ ಕೊಟ್ಟರು. ಅಷ್ಟು ಬಿಟ್ಟರೆ ಆ ಚರ್ಚೆಯಿಂದ ನನ್ನ ಶೀಟಿಗೆ ಹೆಚ್ಚೇನೂ ಸಿಗಲಿಲ್ಲ. ನಿಲುವು ತಿಳಿಯೋಕೆ ಚರ್ಚೆ ನೋಡಿದರೆ ಸಾಲದು.

ಖರ್ಚಿನ ಕಾಲಂ ನಾನೊಬ್ಬಳೇ ತುಂಬುವಂಥದ್ದಲ್ಲ. ಪಕ್ಷಕ್ಕೆ ಸೇರದ 'ಕಮಿಟಿ ಫಾರ್ ಎ ರೆಸ್ಪಾನ್ಸಿಬಲ್ ಫೆಡರಲ್ ಬಜೆಟ್' ಅಕ್ಟೋಬರ್ ಮೊದಲ ವಾರ ಕೊಟ್ಟ ಲೆಕ್ಕ ತೆಗೆದುಕೊಂಡೆ. 2035ರ ಹೊತ್ತಿಗೆ ಹ್ಯಾರಿಸ್ ಯೋಜನೆಗಳಿಂದ ಸಾಲ ಸುಮಾರು 3.5 ಲಕ್ಷ ಕೋಟಿ ಡಾಲರ್, ಟ್ರಂಪ್ ಯೋಜನೆಗಳಿಂದ 7.5 ಲಕ್ಷ ಕೋಟಿ ಡಾಲರ್ ಏರುತ್ತೆ ಅಂತ ಅಂದಾಜು. ಎಲ್ಲರೂ ಈ ಎರಡು ಅಂಕಿ ಹೇಳಿ ಸುಮ್ನಾದರು. ವರದಿ ತೆಗೆದು ನೋಡಿದರೆ ಹ್ಯಾರಿಸ್‌ಗೆ ಸೊನ್ನೆಯಿಂದ 8 ಲಕ್ಷ ಕೋಟಿಯವರೆಗೆ, ಟ್ರಂಪ್‌ಗೆ ಒಂದೂವರೆಯಿಂದ 15 ಲಕ್ಷ ಕೋಟಿಯವರೆಗೆ ಹರಡಿಕೊಂಡಿದೆ. ವಿವರ ಕೊಡದ ಭರವಸೆಗೆ ಲೆಕ್ಕ ಹಾಕೋದು ಅಷ್ಟು ಕಷ್ಟ.

ಶೀಟಿನಲ್ಲಿ ನನ್ನ ನಿದ್ದೆ ಕೆಡಿಸಿದ ಸಾಲು ಹುಟ್ಟಿನಿಂದ ಬರುವ ಪೌರತ್ವದ್ದು, ಅಂದರೆ ಅಮೆರಿಕದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಅನ್ನುವುದು. ಅಧಿಕಾರಕ್ಕೆ ಬಂದ ಮೊದಲ ದಿನವೇ ಅದಕ್ಕೆ ತಡೆ ಹಾಕುವ ಆದೇಶ ಹೊರಡಿಸುತ್ತೇನೆ ಅಂತ ಟ್ರಂಪ್ 2023ರ ಮೇ ತಿಂಗಳಲ್ಲೇ ವಿಡಿಯೊದಲ್ಲಿ ಹೇಳಿದ್ದರು. ನಮ್ಮ ಬೀದಿಯಲ್ಲಿ ಹಾಸನದ ಕಡೆಯ ಗಂಡ-ಹೆಂಡತಿ ಇದ್ದಾರೆ. ಎಚ್-1ಬಿ ವೀಸಾ, ಇಬ್ಬರಿಗೂ ಮತ ಇಲ್ಲ, ಆಗ ಆಕೆ ಗರ್ಭಿಣಿ. "ಅಕ್ಕಾ, ಸಂವಿಧಾನದಲ್ಲೇ ಇದೆಯಲ್ಲ, ಇದನ್ನ ಹೇಗೆ ತೆಗೀತಾರೆ?" ಅಂತ ಕೇಳಿದಳು. 1868ರ 14ನೇ ತಿದ್ದುಪಡಿ, ಅದರ ಮೇಲೆ ಸುಪ್ರೀಂ ಕೋರ್ಟಿನ 1898ರ ತೀರ್ಪು, ಎರಡನ್ನೂ ಅವಳಿಗೆ ಓದಿ ಹೇಳಿದೆ. ನಾಲ್ಕನೇ ಕಾಲಂನಲ್ಲಿ 'ಆದೇಶ ಹೊರಡಿಸಬಹುದು, ನಿಲ್ಲುತ್ತೋ ಇಲ್ಲವೋ ಕೋರ್ಟ್ ಹೇಳಬೇಕು' ಅಂತ ಬರೆದಿದ್ದೆ. 2025ರ ಜನವರಿ 20ರಂದು ಆದೇಶಕ್ಕೆ ಸಹಿ ಬಿತ್ತು. ಕೆಲವೇ ದಿನಗಳಲ್ಲಿ ಕೋರ್ಟುಗಳು ತಡೆದವು. ಪೌರತ್ವ ಸಿಗಬಾರದು ಅಂತ ಆ ಆದೇಶ ಹೇಳಿದ್ದವರಲ್ಲಿ ತಾತ್ಕಾಲಿಕ ವೀಸಾದವರ ಮಕ್ಕಳೂ ಸೇರಿದ್ದರು. ಆ ದಿನಗಳಲ್ಲಿ ಅವರ ಮನೆಯಲ್ಲಿದ್ದ ಆತಂಕವನ್ನು ಕಣ್ಣಾರೆ ಕಂಡಿದ್ದೇನೆ. ಗುಂಪಿನಲ್ಲಿ ಎಷ್ಟೋ ಜನ, ಇದೆಲ್ಲ ಚುನಾವಣೆಯ ಮಾತು ಬಿಡಿ ಅಂದಿದ್ದರು.

ಚುನಾವಣೆ ಮುಗಿದ ಮೇಲೆ ಆರನೇ ಕಾಲಂ ಸೇರಿಸಿದೆ: ಏನಾಯಿತು? ಟಿಪ್ಸ್ ಸಾಲು ತುಂಬಿದೆ. 2025ರ ಜುಲೈ 4ರ ಕಾಯ್ದೆಯ ಪ್ರಕಾರ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ, ಅದೂ 2028ರವರೆಗೆ, ಪಿಂಚಣಿಗಾಗಿ ಸಂಬಳದಲ್ಲಿ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಕಡಿತ ಹಾಗೇ ಇದೆ. ಗ್ರೀನ್ ಕಾರ್ಡಿನ ಶೇ 7ರ ಸಾಲು ಖಾಲಿ. ಅದು ಕಾಂಗ್ರೆಸ್ಸಿನ ಕೈಲಿರೋದರಿಂದ 2026ರ ನವೆಂಬರ್ ಚುನಾವಣೆಗೆ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಹೆಸರು ಹಾಕಿ ಇದೇ ಶೀಟನ್ನು ಮತ್ತೆ ತುಂಬುತ್ತೇನೆ. ಅಧ್ಯಕ್ಷರ ಚುನಾವಣೆಗೆ ತಲೆ ಕೆಡಿಸಿಕೊಂಡಷ್ಟು ನಮ್ಮ ಜನ ಇದಕ್ಕೆ ಕೆಡಿಸಿಕೊಳ್ಳೋದಿಲ್ಲ, ಆದರೆ ನಮ್ಮ ಸರದಿಯ ಬೀಗದ ಕೈ ಇರೋದು ಇವರ ಹತ್ತಿರವೇ.