ಸಿಕ್‌ನೆಸ್‌ನಿಂದ ಪಿಡಿಬಿಗೆ: ನನ್ನ ಕೈ ಕೇಸು ದಾಟಿದ್ದು ಹೀಗೆ

ಕೆಲಸದಲ್ಲಿ ನನ್ನ ಎರಡು ಬೆರಳು ಹೋದವು, ಅದಕ್ಕೆ ಇಎಸ್‌ಐನಿಂದ (ಕಾರ್ಮಿಕರ ವಿಮೆ) ಪಿಡಿಬಿ, ಅಂದರೆ ಖಾಯಂ ಅಂಗನಷ್ಟಕ್ಕೆ ಕೊಡುವ ಪಿಂಚಣಿ, ಕೇಳಿದ್ದೆ. 'ಎರಡು ಬೆರಳಿಗೆ ಶೆಡ್ಯೂಲಿನಲ್ಲಿ (ಯಾವ ಅಂಗಕ್ಕೆ ಎಷ್ಟು ನಷ್ಟ ಅನ್ನೋ ಪಟ್ಟಿ) ಇರೋದೇ 20 ಪರ್ಸೆಂಟ್, ಅದರ ಮೇಲೆ ಮೆಡಿಕಲ್ ಬೋರ್ಡು ಒಂದು ಪೈಸೆ ಕೊಡಲ್ಲ' ಅಂತ ಪೀಣ್ಯದಲ್ಲಿ ನನ್ನ ಜೊತೆ ಪವರ್ ಪ್ರೆಸ್‌ನಲ್ಲಿದ್ದವರೆಲ್ಲ ಹೇಳಿದ್ದರು. ನನಗೆ ಈಗ 30 ಬರುತ್ತಿದೆ. ಹೇಗಾಯ್ತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಕಂಪನಿಯಿಂದಲೇ. ಆಕ್ಸಿಡೆಂಟ್ ರಿಪೋರ್ಟ್ ಕಳಿಸಲೇ ಇಲ್ಲ. ಅದಿಲ್ಲದೆ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ನನ್ನದು ಬರೀ ಸಿಕ್‌ನೆಸ್ ಕೇಸು. 70 ಪರ್ಸೆಂಟ್ ಕೂಲಿ, ವರ್ಷಕ್ಕೆ 91 ದಿನ, ಜ್ವರ ಬಂದವನಿಗೂ ನನಗೂ ಒಂದೇ ಲೆಕ್ಕ. ಕೆಲಸದಲ್ಲಾದ ಗಾಯ ಅಂತ ಒಪ್ಪಿದರೆ ಮಾತ್ರ 90 ಪರ್ಸೆಂಟಿನ ಟಿಡಿಬಿ (ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳ ದುಡ್ಡು), ಅದು ಮುಗಿದ ಮೇಲೆ ಪಿಡಿಬಿ. ಹಾಗಾಗಿ ಜಗಳ ಮಾಡಬೇಕಾದ್ದು ಪಿಂಚಣಿಗಲ್ಲ, ಆ ರಿಪೋರ್ಟಿಗೆ. ಆಕ್ಸಿಡೆಂಟ್ ಬುಕ್ಕಿನ ಪುಟ ಫೋಟೋ ಹೊಡೆದಿದ್ದ ಹುಡುಗನೊಬ್ಬ ಇದ್ದ. ಕ್ಯಾಶುವಾಲ್ಟಿ ಚೀಟಿಯಲ್ಲಿ ಟೈಮ್ ಇತ್ತು, ಅದೇ ರಾತ್ರಿಯ ಹಾಜರಿ ಪಂಚಿಂಗ್ ದಾಖಲೆ ಕೂಡ. ಮೂರನ್ನೂ ಒಂದೇ ಅರ್ಜಿಗೆ ಲಗತ್ತಿಸಿ ಕೊಟ್ಟೆ. ಇಎಸ್‌ಐ ಇನ್‌ಸ್ಪೆಕ್ಟರ್ ಫ್ಯಾಕ್ಟರಿಗೆ ಹೋಗಿ ಬಂದ ಮೇಲೆ ಒಪ್ಪಿಗೆ ಆಯ್ತು, 70ಕ್ಕೂ 90ಕ್ಕೂ ನಡುವಿನ ಬಾಕಿ ಅಕೌಂಟಿಗೆ ಬಿತ್ತು.

ನಡುವೆ ಲಾಯರೊಬ್ಬರು ಪರಿಹಾರದ ಕೇಸು ಹಾಕೋಣ, ಲಕ್ಷಗಟ್ಟಲೆ ಬರುತ್ತೆ ಅಂದರು. ಇಎಸ್‌ಐ ಇದ್ದವನಿಗೆ ಆಗಿನ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅಡ್ಡ ಬರುತ್ತೆ, ಅದೇ ಗಾಯಕ್ಕೆ ಬೇರೆ ಪರಿಹಾರ ಕೇಳೋ ಹಾಗಿಲ್ಲ ಅಂತ ನಾನೇ ಹೇಳಬೇಕಾಯ್ತು! ಪಿಎಫ್ ಕಡೆಯ ಅಂಗವೈಕಲ್ಯ ಪಿಂಚಣಿ (10ಡಿ ಫಾರ್ಮ್) ಸಹ ವಿಚಾರಿಸಿದೆ. ಅದು ಪೂರ್ತಿ ಕೆಲಸ ಕೈಲಾಗದವರಿಗೆ, ನನಗಲ್ಲ.

ಇನ್ನು ಬೋರ್ಡು. ಮಧ್ಯದ ಬೆರಳು, ಉಂಗುರದ ಬೆರಳು ಹೋಗಿದ್ದವು, ಅವು ಕಣ್ಣಿಗೆ ಕಾಣುತ್ತವೆ. ಹೆಬ್ಬೆರಳು ಇದೆ, ಆದರೆ ಮಡಚಲ್ಲ. ಕಾಗದದ ಮೇಲೆ ಅದು 'ಇದ್ದ' ಬೆರಳು, ಅಷ್ಟೇ. ಫಿಸಿಯೋದವರ ಹತ್ತಿರ ಪ್ರತಿ ತಿಂಗಳೂ ಎಷ್ಟು ಡಿಗ್ರಿ ಮಡಚುತ್ತೆ ಅಂತ ಬರೆಸಿಕೊಂಡು ಸೀಲ್ ಹಾಕಿಸಿದೆ. ಮನೆಯಲ್ಲಿ ರಬ್ಬರ್ ಚೆಂಡು, ಬಿಸಿನೀರು, ಕೊನೆಗೆ ಹೆಂಡತಿ ಕಲಸಿಟ್ಟ ಚಪಾತಿ ಹಿಟ್ಟು ಕೂಡ ಹಿಸುಕಿ ನೋಡಿದೆ. ಹಿಟ್ಟಿನಿಂದ ಸ್ವಲ್ಪ ಸಡಿಲ ಆಯ್ತು, ಚಪಾತಿ ಮಾತ್ರ ಹಪ್ಪಳ. ಬೋರ್ಡಿನ ದಿನ ಜೇಬಿನಲ್ಲಿ ಎಂಟು ಎಂಎಂ ನಟ್ಟು ಬೋಲ್ಟು ಇಟ್ಟುಕೊಂಡು ಹೋದೆ. ಡಾಕ್ಟರ ಮೇಜಿನ ಮೇಲೆ ಬೋಲ್ಟಿಗೆ ನಟ್ಟು ಹಾಕಲು ಹೋದೆ, ನಟ್ಟು ಮೂರು ಸಲ ಉರುಳಿತು. ಆಗಲೇ ಅವರು ಹೆಬ್ಬೆರಳಿನ ಕಡೆ ನೋಡಿದ್ದು. ಅಲ್ಲಿ ಇನ್ನೊಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಕೆಲಸ ಮಾಡಿತು, ಅದನ್ನ ಇಲ್ಲಿ ಬರೆಯಲ್ಲ. ಎದುರಿಗೆ ಸಿಕ್ಕವರಿಗೆ ಹೇಳ್ತೀನಿ.

ಮೊದಲು ತಾತ್ಕಾಲಿಕ ಅಂತ 25 ಬರೆದರು, ಮರುಪರೀಕ್ಷೆಯಲ್ಲಿ 30 ಖಾಯಂ ಆಯ್ತು. ದಿನಕ್ಕೆ ಸುಮಾರು 500 ಕೂಲಿ, ಅದರ 90 ಪರ್ಸೆಂಟ್ 450, ಅದರಲ್ಲಿ 30 ಅಂದರೆ 135. ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು, ಬದುಕಿರುವವರೆಗೆ. ಓಟಿ ದುಡ್ಡನ್ನ ಕೈಗೆ ಕೊಡುತ್ತಿದ್ದರಲ್ಲ, ಅದು ಲೆಕ್ಕಕ್ಕೇ ಬರಲಿಲ್ಲ. ಬಂದಿದ್ದರೆ ಐದು ದಾಟುತ್ತಿತ್ತು, ಆ ಹೊಟ್ಟೆಉರಿ ಇನ್ನೂ ಇದೆ. ಟಿಡಿಬಿ ನಿಂತ ಮರುದಿನದಿಂದಲೇ ಲೆಕ್ಕ ಹಾಕಿ ಬಾಕಿ ಕೊಟ್ಟರು. ಅದರಲ್ಲಿ ಕೈಸಾಲ ತೀರಿಸಿದೆ.

ಕೆಲಸಕ್ಕೆ ಹೋದರೆ ಪಿಡಿಬಿ ನಿಲ್ಲುತ್ತೆ ಅಂತ ಸುಮ್ನೆ ಹೆದರಿಸುವವರಿದ್ದಾರೆ. ನಿಲ್ಲಲ್ಲ. ನಾನೀಗ ಬೇರೆ ಕಡೆ ಸ್ಟೋರ್ಸ್‌ನಲ್ಲಿದ್ದೇನೆ, ಸಂಬಳವೂ ಬರುತ್ತೆ, ಪಿಡಿಬಿಯೂ ಬರುತ್ತೆ.