ಜೋನಿ ಬೆಲ್ಲ ಹಾಕಿ ಶುಂಠಿ ಕೇಕ್

ಶುಂಠಿ ಕೇಕ್ ಅಂದ ತಕ್ಷಣ ಎಲ್ಲರೂ ಶುಂಠಿಯ ಲೆಕ್ಕ ಕೇಳುತ್ತಾರೆ. ನಾನು ಮೊದಲು ಕೇಳುವುದು, ಮನೆಯಲ್ಲಿ ಎಂಥ ಬೆಲ್ಲ ಇದೆ ಅಂತ. ಈ ಕೇಕಿನ ಕಂದು ಬಣ್ಣ, ಮೆತ್ತಗಿನ ಗುಣ ಎರಡೂ ಬರುವುದು ಬೆಲ್ಲದಿಂದ. ಇಂಗ್ಲೆಂಡಿನವರು ಟ್ರೀಕಲ್ ಅಂತ ಕಪ್ಪು ಸಕ್ಕರೆ ಪಾಕ ಹಾಕುತ್ತಾರೆ. ಸಾಗರ, ಹೊಸನಗರ ಕಡೆ ಇರುವ ನಮಗೆ ಅದನ್ನು ಹುಡುಕಿಕೊಂಡು ಹೋಗುವ ಗೊಡವೆ ಯಾಕೆ? ಆಲೆಮನೆಯಿಂದ ತಂದ ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದೆ ನೀರಾಗಿಯೇ ಇರುವ ಬೆಲ್ಲವೇ ಸಾಕು. ಟ್ರೀಕಲ್‌ಗಿಂತ ಇದು ಸಿಹಿ ಜಾಸ್ತಿ, ಕಹಿ ಕಡಿಮೆ. ಹಾಗಾಗಿ ಮೇಲಿಂದ ಸಕ್ಕರೆ ಹಾಕಲೇಬೇಡಿ.

ಡಬ್ಬಿಯ ತಳದಲ್ಲಿ ಬೆಲ್ಲ ಹರಳುಗಟ್ಟಿರುತ್ತದೆ. ತಳದಿಂದ ಚೆನ್ನಾಗಿ ಕದಡಿ, ಆಮೇಲೆ 300 ಗ್ರಾಂ ತೂಗಿ ತೆಗೆಯಿರಿ. ಅದಕ್ಕೆ 100 ಗ್ರಾಂ ಬೆಣ್ಣೆ, ತುರಿದ ಹಸಿ ಶುಂಠಿ ಒಂದು ದೊಡ್ಡ ಚಮಚ ಸೇರಿಸಿ ಸಣ್ಣ ಉರಿಯಲ್ಲಿಡಿ. ಬೆಣ್ಣೆ ಕರಗಿ ಶುಂಠಿಯ ಘಮ ಎದ್ದರೆ ಮುಗಿಯಿತು, ಇಳಿಸಿಬಿಡಿ. ಕುದಿಸಿದರೆ ಪಾಕ ಬಂದು ಕೇಕ್ ಗಟ್ಟಿಯಾಗುತ್ತದೆ. ಕಬ್ಬಿನ ಸಿಪ್ಪೆಯ ಚೂರು ಕಂಡರೆ ಚಮಚದಲ್ಲಿ ಎತ್ತಿ ಹಾಕಿ.

ಹಸಿ ಶುಂಠಿ ಒಂದೇ ಸಾಲದು. ಒಣಗಿದ ಮೇಲೆ ಶುಂಠಿಯ ಖಾರ ಇನ್ನೂ ಏರುತ್ತದೆ, ಗಂಟಲಲ್ಲಿ ಉಳಿಯುವುದು ಆ ಖಾರವೇ. ಅಂಗಡಿಯ ಪುಡಿಗಿಂತ ಒಣ ಶುಂಠಿ ಕೊಂಬನ್ನೇ ತಂದು ಕುಟ್ಟಿ, ಜರಡಿ ಹಿಡಿಯಿರಿ. ನಾರು ಮೇಲೆ ಉಳಿಯುತ್ತದೆ. ತೀರಾ ಬೆಳ್ಳಗಿರುವ ಕೊಂಬು ಬೇಡ, ಅದಕ್ಕೆ ಸುಣ್ಣ ಹಚ್ಚಿರುತ್ತಾರೆ. ಎರಡು ಚಹಾ ಚಮಚ ಶುಂಠಿ ಪುಡಿ, ಒಂದು ಚಮಚ ದಾಲ್ಚಿನ್ನಿ ಪುಡಿ, ನಾಲ್ಕು ಲವಂಗ ಪುಡಿ ಮಾಡಿದ್ದು, ಚಿಟಿಕೆ ಉಪ್ಪು. ಇವನ್ನೆಲ್ಲ 250 ಗ್ರಾಂ ಮೈದಾ ಜೊತೆ ಜರಡಿ ಹಿಡಿದು ಇಟ್ಟುಕೊಳ್ಳಿ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿದರೂ ಆಗುತ್ತದೆ.

ಇನ್ನು ಅಡುಗೆ ಸೋಡದ ವಿಷಯ. ನಮ್ಮ ಮಳೆಗಾಲದ ತಂಡಿಗೆ ತೆರೆದಿಟ್ಟ ಸೋಡ ಗಂಟುಕಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಹಾಕುವ ಮುಂಚೆ ಚಿಟಿಕೆ ಸೋಡದ ಮೇಲೆ ಎರಡು ಹನಿ ನಿಂಬೆ ರಸ ಬಿಟ್ಟು ನೋಡಿ. ಬುಸ್ಸೆಂದು ನೊರೆ ಎದ್ದರೆ ಸರಿ, ಸುಮ್ನೆ ಕೂತರೆ ಹೊಸ ಪೊಟ್ಟಣ ಒಡೆಯಿರಿ. ಬೇಕಾದ್ದು ಒಂದೇ ಚಹಾ ಚಮಚ. ಉಬ್ಬಲಿ ಅಂತ ಜಾಸ್ತಿ ಹಾಕಿದರೆ ಸೋಪಿನ ವಾಸನೆ ಹೊಡೆಯುತ್ತದೆ.

ಬೆಲ್ಲ ಬೆರಳು ಮುಟ್ಟುವಷ್ಟು ತಣಿದ ಮೇಲೆ ಒಂದು ಮೊಟ್ಟೆ ಒಡೆದು ಹಾಕಿ ಕಲಸಿ. ಮೊಟ್ಟೆ ತಿನ್ನದವರು ಎರಡು ಚಮಚ ಗಟ್ಟಿ ಮೊಸರು ಹಾಕಿ. ಹಿಟ್ಟು ಸೇರಿಸಿ. ಕೊನೆಗೆ ಮುಕ್ಕಾಲು ಲೋಟ ಹುಳಿ ಮಜ್ಜಿಗೆಗೆ ಸೋಡ ಹಾಕಿ, ನೊರೆ ಏಳುತ್ತಿರುವಾಗಲೇ ಸುರಿದು ಬೇಗ ತಿರುವಿ. ಉದ್ದಿನ ದೋಸೆ ಹಿಟ್ಟಿನಷ್ಟು ತೆಳ್ಳಗಿರಬೇಕು. ತೆಳ್ಳಗಾಯಿತು ಅಂತ ಗಾಬರಿಯಾಗಿ ಇನ್ನಷ್ಟು ಮೈದಾ ಸುರಿಯಬೇಡಿ. ತಟ್ಟೆಯ ತಳಕ್ಕೆ ಬಾಡಿಸಿದ ಬಾಳೆ ಎಲೆ ಹಾಸಿ ಬೆಣ್ಣೆ ಸವರಿದರೆ ಬೆಣ್ಣೆ ಕಾಗದ ಬೇಡವೇ ಬೇಡ.

ಬೆಲ್ಲ ಬೇಗ ಸೀಯುತ್ತದೆ. ಅದಕ್ಕೇ ಓವನ್ 160 ಡಿಗ್ರಿಗಿಂತ ಮೇಲೆ ಬೇಡ, 45 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಕರೆಂಟ್ ನಂಬಿಕೊಂಡು ಓವನ್‌ಗೆ ಹಿಟ್ಟಿಡುವ ಧೈರ್ಯ ಮಾಡಬೇಡಿ. ಅರ್ಧ ಬೆಂದಾಗ ಕರೆಂಟ್ ಹೋದರೆ ನಡು ಕುಸಿದೇ ಹೋಗುತ್ತದೆ. ದಪ್ಪ ತಳದ ಹಳೇ ಪಾತ್ರೆಗೆ ಎರಡು ಬೆರಳು ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ಮೊದಲ 40 ನಿಮಿಷ ಮುಚ್ಚಳ ತೆಗೆಯಲೇಬಾರದು. ಹಿಡಿಕಡ್ಡಿ (ಪೊರಕೆ ಕಡ್ಡಿ) ತೊಳೆದು ನಡುವಿಗೆ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ.

ಮಕ್ಕಳು ಬಿಸಿಬಿಸಿ ಕೇಳುತ್ತಾರೆ, ಒಂದು ಚೂರು ಕೊಡಿ. ಉಳಿದದ್ದನ್ನು ಪೂರ್ತಿ ತಣಿಸಿ, ಡಬ್ಬಿಗೆ ಹಾಕಿ ಮುಚ್ಚಿಡಿ. ಮಾರನೇ ದಿನಕ್ಕೆ ಮೇಲ್ಭಾಗ ಸ್ವಲ್ಪ ಅಂಟಂಟಾಗಿ, ಖಾರ ಒಳಗೆಲ್ಲ ಇಳಿದು, ರುಚಿಯೇ ಬೇರೆಯಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯವರು ಓಟ್ಸ್ ಹಾಕಿ ಮಾಡುವ ಪಾರ್ಕಿನ್ ಕೇಕನ್ನು ನವೆಂಬರ್ 5ರ ಬೆಂಕಿ ಹಬ್ಬಕ್ಕೆ ಅಂತ ದಿನಗಟ್ಟಲೆ ಮುಂಚೆಯೇ ಮಾಡಿ ಇಡುವುದೂ ಇದಕ್ಕೇ. ಆದರೆ ಅವರಷ್ಟು ದಿನ ನಾವು ಇಡುವ ಹಾಗಿಲ್ಲ. ಬೆಲ್ಲ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಸ್ಟು ಬರಲು ತಡವಿಲ್ಲ. ಮೂರನೇ ದಿನಕ್ಕೂ ಉಳಿದರೆ ಫ್ರಿಜ್‌ಗೆ ಸೇರಿಸಿ. ತಿನ್ನುವಾಗ ಹೋಳು ಮಾಡಿ ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಬಿಸಿ ಮಾಡಿಕೊಳ್ಳಿ. ಅಂಚು ಗರಿಗರಿಯಾಗುತ್ತದೆ, ಸಂಜೆ ಕಾಫಿಗೆ ತುಂಬಾ ಚೆನ್ನಾಗಿರುತ್ತದೆ.